ಎಷ್ಟು ಬಿಡಬೇಕು, ಎಷ್ಟು ತಡೆಯಬೇಕು

ಊರಿಗೆ ಹೋದಾಗ ಮದುವೆ ಮನೆಯಲ್ಲಿ ಯಾರಾದರೂ ಕಾಕ ಪಕ್ಕದಲ್ಲಿ ಕುಳಿತು ಕೇಳುತ್ತಾರೆ: "ಹೊಸೂರಲ್ಲಿ ನಿನಗೆ ಎಂತ ಕೆಲಸ?" ನಾನು "ಫಿಲ್ಟರ್" ಅನ್ನುತ್ತೇನೆ. ಕೂಡಲೇ ಮುಂದಿನ ಪ್ರಶ್ನೆ: "ನೀರಿನದ್ದಾ?" ಅಲ್ಲ, ರೇಡಿಯೋ ಅಲೆಗಳದ್ದು ಅಂದರೆ ಅವರ ಮುಖದಲ್ಲಿ ಸ್ವಲ್ಪ ನಿರಾಶೆ ಕಾಣಿಸುತ್ತದೆ. ನೀರಿನ ಫಿಲ್ಟರ್ ಆಗಿದ್ದರೆ ಒಂದು ಕಡಿಮೆ ಕ್ರಯಕ್ಕೆ ಸಿಗುತ್ತಿತ್ತೇನೋ.

ಆ ಕೆಲಸ ಎಂಥದ್ದೆಂದು ಇಲ್ಲಿ ಸರಿಯಾಗಿ ಹೇಳುತ್ತೇನೆ. ಅದರಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕಾಗಿದೆ. ಆ ತಪ್ಪಿನಿಂದ ಒಬ್ಬಳು ಹುಡುಗಿಯ ಒಂದು ವಾರದ ಕೂಲಿ ಹೋಯಿತು, ಕೆಲಸವೇ ಹೋಗುವುದರಲ್ಲಿತ್ತು.

ನನ್ನ ಉಪ್ಪ ಬಿ.ಸಿ. ರೋಡಿನಲ್ಲಿ ಟಿ.ವಿ. ರಿಪೇರಿ ಮಾಡುತ್ತಿದ್ದವರು. 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ದೂರದರ್ಶನಕ್ಕೆ ಬಣ್ಣ ಬಂತು. ನಮ್ಮವರು ಗಲ್ಫಿನಿಂದ ಬರುವಾಗ ಕಲರ್ ಟಿ.ವಿ. ತರುತ್ತಿದ್ದ ಕಾಲ. ಶಾಲೆ ಬಿಟ್ಟ ಮೇಲೆ ನಾನು ಅಂಗಡಿಯ ಬೆಂಚಿನಲ್ಲಿ ಕುಳಿತು, ಬಿಚ್ಚಿಟ್ಟ ಸೆಟ್‌ಗಳ ಹೊಟ್ಟೆಯೊಳಗೆ ಇಣುಕುತ್ತಿದ್ದೆ. ಉಪ್ಪನ ಬಾಯಲ್ಲಿ ಎರಡು ಸಂಖ್ಯೆಗಳು ಯಾವಾಗಲೂ ಇರುತ್ತಿದ್ದವು: 38.9 ಮತ್ತು 33.4. ಟಿ.ವಿ.ಯ ಒಳಗೆ ಯಾವ ಚಾನೆಲ್ ಬಂದರೂ ಅದರ ಚಿತ್ರವನ್ನು 38.9 ಮೆಗಾಹರ್ಟ್ಜ್‌ಗೂ ಧ್ವನಿಯನ್ನು 33.4 ಮೆಗಾಹರ್ಟ್ಜ್‌ಗೂ ತಂದು ನಿಲ್ಲಿಸಿ, ಅಲ್ಲೇ ಸೋಸುತ್ತಾರೆ. ಬಣ್ಣದ ಸಂಕೇತ ಇವೆರಡರ ನಡುವೆ, ಧ್ವನಿಯ ಹತ್ತಿರ, ಸುಮಾರು 34.5ರಲ್ಲಿ ಇರುತ್ತದೆ. ಪಕ್ಕದ ಚಾನೆಲ್‌ಗಳೂ ದೂರ ಇಲ್ಲ. ಕೆಳಗಿನ ಚಾನೆಲಿನ ಧ್ವನಿ 40.4ರಲ್ಲಿ, ಮೇಲಿನ ಚಾನೆಲಿನ ಚಿತ್ರ 31.9ರಲ್ಲಿ ಬಾಗಿಲ ಹೊರಗೇ ನಿಂತಿರುತ್ತವೆ. ಇವು ಒಳಗೆ ಬರಬಾರದು, ಆದರೆ ಮನೆಯವರೆಲ್ಲ ಒಳಗಿರಬೇಕು.

ಹಳೆಯ ಸೆಟ್‌ಗಳಲ್ಲಿ ಈ ಸೋಸುವ ಕೆಲಸ ತಾಮ್ರದ ತಂತಿಯ ಕಾಯಿಲ್‌ಗಳದ್ದು. ಅವುಗಳ ಒಳಗಿನ ತುಂಡನ್ನು ಪ್ಲಾಸ್ಟಿಕ್ ಸ್ಕ್ರೂಡ್ರೈವರಿನಿಂದ ತಿರುಗಿಸಿ ಸರಿಮಾಡಬೇಕು. ಕೇಬಲ್ ಬಂದ ಮೇಲೆ ಚಾನೆಲ್‌ಗಳು ಒತ್ತೊತ್ತಾಗಿ ಕುಳಿತು ತೊಂದರೆ ಹೆಚ್ಚಾಯಿತು. ಒಬ್ಬರ ಮನೆಯ ಟಿ.ವಿ.ಯಲ್ಲಿ ಯಾರಾದರೂ ಮಾತಾಡಿದಾಗಲೆಲ್ಲ ಪರದೆಯ ಮೇಲೆ ಪಟ್ಟೆಗಳು ಕುಣಿಯುತ್ತಿದ್ದವು. ಧ್ವನಿ ಚಿತ್ರದೊಳಗೆ ನುಗ್ಗಿದ ಲಕ್ಷಣ ಅದು. ಉಪ್ಪ ಕಾಯಿಲ್ ತಿರುಗಿಸಿ ತಿರುಗಿಸಿ ಬಿಗಿಮಾಡಿದರು. ಪಟ್ಟೆ ಹೋಯಿತು. ಗಿರಾಕಿ ಖುಷಿಯಿಂದ ದುಡ್ಡು ಕೊಟ್ಟು ಹೋದರು. ಮರುದಿನ ಹೆಗಲ ಮೇಲೆ ಟಿ.ವಿ. ಹೊತ್ತು ವಾಪಸ್ಸು ಬಂದರು. ಪಟ್ಟೆಯ ಜೊತೆಗೆ ಬಣ್ಣವೂ ಹೋಗಿತ್ತು.

ಉಪ್ಪ ದುಡ್ಡು ವಾಪಸ್ಸು ಕೊಟ್ಟರು. "ಸೆಟ್ ಹಳೆಯದು, ಇಷ್ಟೇ ಆಗುವುದು ಅಂತ ಹೇಳಬಹುದಿತ್ತಲ್ಲ ಉಪ್ಪ" ಎಂದು ನಾನು ಕೇಳಿದ್ದು ನೆನಪಿದೆ. ಅವರು ಬ್ಯಾರಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: "ಮೋನೇ, ಸೆಟ್ ಹಳೆಯದು ಹೌದು. ಬಣ್ಣ ತೆಗೆದದ್ದು ನನ್ನ ಕೈ."

ಆಮೇಲಿನ ಸೆಟ್‌ಗಳಲ್ಲಿ ಕಾಯಿಲ್‌ಗಳ ಜಾಗಕ್ಕೆ ಐದು ಕಾಲಿನ ಒಂದು ಸಣ್ಣ ತುಂಡು ಬಂತು. ಅದನ್ನು ತಿರುಗಿಸುವುದಕ್ಕೆ ಏನೂ ಇರಲಿಲ್ಲ. ಅದೇ 'ಸಾ' ಫಿಲ್ಟರ್, ಅಂದರೆ ಸರ್ಫೇಸ್ ಅಕೌಸ್ಟಿಕ್ ವೇವ್ ಫಿಲ್ಟರ್. ಮುಂದೆ ನನ್ನ ಅನ್ನಕ್ಕೆ ದಾರಿಯಾದದ್ದು ಅದೇ.

ಅದರ ಒಳಗಿನ ವಿದ್ಯೆ ಬಹಳ ಸರಳ. ಕೆರೆಗೆ ಕಲ್ಲು ಎಸೆದರೆ ಮೇಲ್ಮೈಯಲ್ಲಿ ಅಲೆ ಹೋಗುತ್ತದಲ್ಲ, ಗಟ್ಟಿ ವಸ್ತುವಿನ ಮೇಲ್ಮೈಯಲ್ಲೂ ಹಾಗೆ ಅಲೆ ಹೋಗಬಲ್ಲದು ಎಂದು ಇಂಗ್ಲೆಂಡಿನ ಲಾರ್ಡ್ ರ‍್ಯಾಲೇ 1885ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಭೂಕಂಪದಲ್ಲಿ ನೆಲದ ಮೇಲೆ ಹರಿಯುವ ಅಲೆಗಳಲ್ಲಿ ಅದೂ ಒಂದು. 1965ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ವೈಟ್ ಮತ್ತು ವೋಲ್ಟ್‌ಮರ್ ಎಂಬಿಬ್ಬರು ಒಂದು ಹರಳಿನ ಮೇಲೆ ಲೋಹದ ಎರಡು ಬಾಚಣಿಗೆಗಳನ್ನು ಒಂದರ ಹಲ್ಲುಗಳ ನಡುವೆ ಇನ್ನೊಂದರ ಹಲ್ಲು ಬರುವಂತೆ ಇಟ್ಟರು. ಅದಕ್ಕೆ ವಿದ್ಯುತ್ ಸಂಕೇತ ಕೊಟ್ಟರೆ ಹರಳಿನ ಮೈ ನಡುಗಿ ಅಲೆ ಏಳುತ್ತದೆ. ಆಚೆ ಬದಿಯಲ್ಲಿರುವ ಇನ್ನೊಂದು ಬಾಚಣಿಗೆ ಆ ಅಲೆಯನ್ನು ಹಿಡಿದು ಮತ್ತೆ ವಿದ್ಯುತ್ತು ಮಾಡುತ್ತದೆ. ಹರಳಿನ ಮೇಲೆ ಅಲೆ ಸೆಕೆಂಡಿಗೆ ಸುಮಾರು 4 ಕಿಲೋಮೀಟರ್ ಮಾತ್ರ ಹೋಗುತ್ತದೆ. ರೇಡಿಯೋ ಅಲೆಯ ವೇಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಹೀಗೆ ವೇಗ ಕುಗ್ಗಿದ್ದರಿಂದ ಅಲೆಯ ಉದ್ದವೂ ಕುಗ್ಗಿ, ಇಡೀ ಫಿಲ್ಟರ್ ಒಂದು ಅಕ್ಕಿಕಾಳಿಗಿಂತ ಚಿಕ್ಕದಾಗಬಹುದು.

ಸೋಸುವುದು ಹೇಗೆ? ಮಕ್ಕಳನ್ನು ಉಯ್ಯಾಲೆಯಲ್ಲಿ ತೂಗುವುದನ್ನು ನೆನೆಸಿಕೊಳ್ಳಿ. ಎರಡೇ ಸಲ ತಳ್ಳುವುದಾದರೆ ತಾಳ ಸ್ವಲ್ಪ ತಪ್ಪಿದರೂ ಉಯ್ಯಾಲೆ ಹೋಗುತ್ತದೆ. ನಾನೂರು ಸಲ ತಳ್ಳುವುದಾದರೆ ಕೂದಲೆಳೆಯಷ್ಟು ತಾಳ ತಪ್ಪಿದರೂ ಕೊನೆಗೆ ಎದುರಿನಿಂದಲೇ ತಳ್ಳಿದ ಹಾಗಾಗುತ್ತದೆ. ಬಾಚಣಿಗೆಯ ಒಂದೊಂದು ಜೋಡಿ ಹಲ್ಲೂ ಒಂದೊಂದು ತಳ್ಳು. ಹಲ್ಲು ಕಡಿಮೆ ಇದ್ದರೆ ಬಾಗಿಲು ಅಗಲ, ಬೇಕಾದ್ದು ಬೇಡವಾದ್ದು ಎರಡೂ ಬರುತ್ತವೆ. ಹಲ್ಲು ಹೆಚ್ಚಿದ್ದರೆ ಬಾಗಿಲು ಕಿರಿದು, ಬೇಕಾದದ್ದೇ ಹೊರಗೆ ಉಳಿಯಬಹುದು. ಬೇಡದ್ದನ್ನು ಬಿಗಿಯಾಗಿ ತಡೆಯುವ ಗುಣ ಸೆಲೆಕ್ಟಿವಿಟಿ. ಬೇಕಾದದ್ದಕ್ಕೆ ಬಿಟ್ಟ ಅಗಲ ಬ್ಯಾಂಡ್‌ವಿಡ್ತ್. ಒಂದನ್ನು ಎಳೆದರೆ ಇನ್ನೊಂದು ಕುಗ್ಗುತ್ತದೆ. ಎರಡೂ ಬೇಕೆಂದರೆ ಬೇರೆ ಕಡೆ ಬೆಲೆ ಕೊಡಬೇಕು: ಗಾತ್ರದಲ್ಲಿ, ಸಂಕೇತದ ನಷ್ಟದಲ್ಲಿ, ಇಲ್ಲವೇ ರೂಪಾಯಿಯಲ್ಲಿ.

ಇನ್ನು ಮೂಕಂಡಪಲ್ಲಿಗೆ ಬರುತ್ತೇನೆ. ಸಿಪ್ಕಾಟ್ ಕೈಗಾರಿಕಾ ಪ್ರದೇಶಕ್ಕೆ ತಾಗಿಕೊಂಡಿರುವ ಊರು ಇದು. ಬೆಳಿಗ್ಗೆ ಚಹಾ ಅಂಗಡಿಯಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಒಟ್ಟಿಗೇ ಕೇಳುತ್ತವೆ. ನಾನು ಫೋನಿನಲ್ಲಿ ಉಮ್ಮನ ಜೊತೆ ಬ್ಯಾರಿ ಮಾತಾಡಿದರೆ ಎಲ್ಲರೂ ಮಲಯಾಳ ಅಂದುಕೊಳ್ಳುತ್ತಾರೆ. ನಮ್ಮ ಕಂಪೆನಿ ಚಿಕ್ಕದು. ನೀರಿನ ಮೀಟರಿನ ಲೆಕ್ಕವನ್ನು ದೂರದಿಂದಲೇ ಓದುವ ರೇಡಿಯೋ ಹಲಗೆಗಳನ್ನು ಮಾಡುತ್ತೇವೆ.

ಇಂಥ ಉಪಕರಣಗಳಿಗೆ ಲೈಸೆನ್ಸ್ ಇಲ್ಲದೆ ಬಳಸಲು ನಮ್ಮ ಸರಕಾರ 2005ರಲ್ಲಿ 865ರಿಂದ 867 ಮೆಗಾಹರ್ಟ್ಜ್‌ವರೆಗಿನ ಜಾಗ ಬಿಟ್ಟುಕೊಟ್ಟಿತು. ಆದರೆ ಸ್ವಲ್ಪವೇ ಮೇಲೆ, 869ರಿಂದ, ಮೊಬೈಲ್ ಟವರ್‌ಗಳು ಜೋರಾಗಿ ಕೂಗುತ್ತಿರುತ್ತವೆ. ಯುರೋಪಿನಲ್ಲಿ ಹೀಗಿಲ್ಲ. ಅಲ್ಲಿ ಇಂಥ ಸಣ್ಣ ಉಪಕರಣಗಳ ಜಾಗ 863ರಿಂದ 870ರವರೆಗೆ ಇದೆ. ಹಾಗಾಗಿ ಅಲ್ಲಿಗೆಂದು ಮಾಡಿದ ಫಿಲ್ಟರನ್ನು ಅಂಗಡಿಯಿಂದ ತಂದು ಹಾಕಿದರೆ ಅದು ನಮ್ಮ ಟವರನ್ನೂ "ಬನ್ನಿ" ಎಂದು ಒಳಗೆ ಕರೆಯುತ್ತದೆ. ಟವರ್ ಕೂಗುವಾಗ ದೂರದ ಮೀಟರಿನ ಪಿಸುಮಾತು ಕೇಳುವುದಾದರೂ ಹೇಗೆ?

ಆದ್ದರಿಂದ ಕಿರಿದಾದ ಫಿಲ್ಟರ್ ಬೇಕಿತ್ತು. ಎಂಥದ್ದು ಬೇಕೆಂದು ಬರೆದುಕೊಟ್ಟವನು ನಾನು. "865ರಿಂದ 867 ಪೂರ್ತಿ ಬಿಡಬೇಕು, 869ರಲ್ಲಿ ಪೂರ್ತಿ ತಡೆಯಬೇಕು" ಎಂದು ಬರೆದೆ. ಸರಕಾರ ಕೊಟ್ಟ ಜಾಗ ಎರಡು ಮೆಗಾಹರ್ಟ್ಜ್, ಒಂದಿಂಚೂ ಬಿಟ್ಟುಕೊಡುವುದಿಲ್ಲ ಎಂಬ ಹಟ. ನಮ್ಮ ಮೀಟರ್ ನಿಜವಾಗಿ ಬಳಸುವುದು ಮೂರೇ ಚಾನೆಲ್, ಅದರಲ್ಲಿ ಮೇಲಿನದ್ದು 865.985ರಲ್ಲಿದೆ. 866ರಿಂದ ಮೇಲೆ ನಮಗೆ ಕೆಲಸವೇ ಇರಲಿಲ್ಲ. ಆದರೂ ಎಲ್ಲ ಬೇಕು ಅಂದೆ, ಮುಂದೆ ಬೇಕಾಗಬಹುದು ಅಂತ.

ಈ ಹಟಕ್ಕೆ ಎದುರು ನಿಂತದ್ದು ಬಿಸಿ ಮತ್ತು ಚಳಿ. ಇಂಥ ಫಿಲ್ಟರ್‌ಗಳನ್ನು ಹೆಚ್ಚಾಗಿ ಲಿಥಿಯಂ ಟ್ಯಾಂಟಲೇಟ್ ಎಂಬ ಹರಳಿನ ಮೇಲೆ ಮಾಡುತ್ತಾರೆ. ವಿದ್ಯುತ್ತನ್ನು ಅಲೆಯಾಗಿ ಮಾಡುವುದರಲ್ಲಿ ಅದು ಗಟ್ಟಿಗ, ಬಾಗಿಲನ್ನು ಅಗಲ ಮಾಡಬಹುದು, ನಷ್ಟವೂ ಕಡಿಮೆ. ಅದರ ದೋಷ ಏನೆಂದರೆ ಬಿಸಿಯಾದರೆ ಇಡೀ ಬಾಗಿಲೇ ಕೆಳಗೆ ಸರಿಯುತ್ತದೆ, ತಣ್ಣಗಾದರೆ ಮೇಲೆ ಸರಿಯುತ್ತದೆ. ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 40 ಪಾಲು. ಕೇಳಲಿಕ್ಕೆ ಏನೂ ಅಲ್ಲ. ಆದರೆ ಚಳಿಗಾಲದ ಬೆಳಗಿನ 10 ಡಿಗ್ರಿಯಿಂದ ಬಿಸಿಲಲ್ಲಿ ಕುದಿಯುವ ಮೀಟರ್ ಪೆಟ್ಟಿಗೆಯ 65 ಡಿಗ್ರಿಯವರೆಗೆ 55 ಡಿಗ್ರಿ. ಲೆಕ್ಕ ಹಾಕಿದರೆ ಬಾಗಿಲು ಒಟ್ಟು 1.9 ಮೆಗಾಹರ್ಟ್ಜ್ ಓಡಾಡುತ್ತದೆ. 867ಕ್ಕೂ 869ಕ್ಕೂ ನಡುವೆ ಇರುವ ಜಾಗವೇ 2 ಮೆಗಾಹರ್ಟ್ಜ್. ಬಿಡುವ ಅಂಚಿನಿಂದ ತಡೆಯುವ ಅಂಚಿಗೆ ಇಳಿಯಲು ಉಳಿದದ್ದು 0.1. ಅಷ್ಟು ಕಡಿದಾದ ಗೋಡೆಯನ್ನು ಈ ಹರಳಿನ ಮೇಲೆ ಯಾರೂ ಕಟ್ಟಲಾರರು.

ಹಾಗಾದರೆ ಕ್ವಾರ್ಟ್ಜ್ ಹರಳಿನ ಮೇಲೆ ಮಾಡಬಾರದಿತ್ತೇ ಎಂದು ಕೇಳಬಹುದು. ನಮ್ಮ ಹೊಸೂರು ಟೈಟಾನ್ ವಾಚಿನ ಕಾರ್ಖಾನೆ ಇರುವ ಊರು. ಕ್ವಾರ್ಟ್ಜ್ ವಾಚಿನ ಒಳಗಿನ ಹರಳು ಸೆಕೆಂಡಿಗೆ 32,768 ಸಲ ನಡುಗುತ್ತದೆ. ಅದನ್ನು ಹದಿನೈದು ಸಲ ಅರ್ಧ ಮಾಡಿದರೆ ಸೆಕೆಂಡಿಗೆ ಒಂದು ಟಿಕ್. ಕ್ವಾರ್ಟ್ಜ್ ಅಷ್ಟು ನಿಷ್ಠೆಯದ್ದು, ಬಿಸಿಗೆ ಚಳಿಗೆ ಬಹಳ ಕಡಿಮೆ ಅಲುಗುತ್ತದೆ. ಆದರೆ ಅದು ವಿದ್ಯುತ್ತನ್ನು ಅಲೆಯಾಗಿ ಮಾಡುವುದು ಬಹಳ ದುರ್ಬಲವಾಗಿ. ಒಂದೇ ಸ್ವರವನ್ನು ಹಿಡಿದು ಕೂರುವ ಕೆಲಸಕ್ಕೆ ಅದರಷ್ಟು ಒಳ್ಳೆಯದಿಲ್ಲ. ಎರಡು ಮೆಗಾಹರ್ಟ್ಜ್ ಅಗಲದ ಬಾಗಿಲನ್ನು ಕಡಿಮೆ ನಷ್ಟದಲ್ಲಿ ತೆರೆ ಅಂದರೆ ಅದರ ಕೈಯಲ್ಲಿ ಆಗುವುದಿಲ್ಲ. ಒಂದರಲ್ಲಿ ಅಗಲ ಇದೆ, ಸ್ಥಿರತೆ ಇಲ್ಲ. ಇನ್ನೊಂದರಲ್ಲಿ ಸ್ಥಿರತೆ ಇದೆ, ಅಗಲ ಇಲ್ಲ.

ಇದೆಲ್ಲ ಪುಸ್ತಕದಲ್ಲಿ ಇದ್ದದ್ದೇ, ನನಗೆ ಗೊತ್ತಿದ್ದದ್ದೇ. ಆದರೆ ನಾನು ಪರೀಕ್ಷೆ ಮಾಡಿದ್ದು ಏಪ್ರಿಲ್‌ನಲ್ಲಿ. ಬಿಸಿಯದ್ದೇ ಹೆದರಿಕೆ ಇತ್ತು. ಬಿಸಿ ಪೆಟ್ಟಿಗೆಯಲ್ಲಿಟ್ಟು ನೋಡಿ, ಕೆಳಗೆ ಸರಿದರೂ ಚಾನೆಲ್‌ಗಳು ತಪ್ಪದ ಹಾಗೆ ಬಾಗಿಲನ್ನು ಸ್ವಲ್ಪ ಮೇಲಕ್ಕೇ ಇರಿಸಿದ ಫಿಲ್ಟರನ್ನು ಆರಿಸಿದೆ. ಚಳಿಯಲ್ಲಿ ಪರೀಕ್ಷೆ ಮಾಡಲೇ ಇಲ್ಲ. ಇದೇನು ಕಾಶ್ಮೀರವಾ ಅಂದುಕೊಂಡೆ. ಕರಾವಳಿಯಲ್ಲಿ ಹುಟ್ಟಿ ಬೆಳೆದವನಿಗೆ ಚಳಿ ಅಂದರೆ ಲೆಕ್ಕಕ್ಕೇ ಇಲ್ಲ. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ ಎಂಬುದು ನನ್ನ ತಲೆಗೆ ಹೋಗಲೇ ಇಲ್ಲ.

ಡಿಸೆಂಬರ್ ಬಂತು. ಸಿದ್ಧವಾದ ಹಲಗೆಗಳನ್ನು ತಾರಸಿಯ ಮೇಲಿಟ್ಟು, ದೂರದ ಮೀಟರಿನ ಮಾತು ಕೇಳುತ್ತದೆಯೇ ಎಂದು ನೋಡುವುದು ನಮ್ಮ ಕೊನೆಯ ಪರೀಕ್ಷೆ. ಎರಡು ಕಟ್ಟಡದ ಆಚೆ ಒಂದು ಮೊಬೈಲ್ ಟವರ್ ಇದೆ. ಬೆಳಗಿನ ಪಾಳಿಯಲ್ಲಿ ಆ ಕೆಲಸ ಮಾಡುತ್ತಿದ್ದವಳು ಹತ್ತಿರದ ಹಳ್ಳಿಯ ಹುಡುಗಿ, ಮನೆಮಾತು ಕನ್ನಡ. ಬೆಸುಗೆ ಹಾಕುವುದೂ ಅವಳೇ, ಪರೀಕ್ಷೆ ಮಾಡುವುದೂ ಅವಳೇ. ಒಂದೊಂದಾಗಿ ಹಲಗೆಗಳು ಫೇಲ್ ಆಗತೊಡಗಿದವು. ಮಧ್ಯಾಹ್ನದ ಪಾಳಿಯವರು ಅದೇ ಹಲಗೆಗಳನ್ನು ನೋಡಿದರೆ ಎಲ್ಲ ಪಾಸ್. ಹೀಗಾದಾಗ ಯಾರ ಮೇಲೆ ಗುಮಾನಿ ಬರುತ್ತದೆ ಹೇಳಿ? ಮ್ಯಾನೇಜರ್ ನನ್ನನ್ನು ಕರೆದು ಕೇಳಿದರು. ನಾನು ಹಲಗೆಯನ್ನು ಕೈಯಲ್ಲಿ ತಿರುಗಿಸಿ ನೋಡಿ, "ಬೆಸುಗೆ ಸರಿ ಇಲ್ಲದಿರಬಹುದು" ಅಂದೆ. ಕಾಗದದಲ್ಲೂ ಹಾಗೇ ಬರೆದುಕೊಟ್ಟೆ. ಒಂದು ವಾರ ಬರಬೇಡ ಎಂದು ಅವಳನ್ನು ಕಳಿಸಿದರು. ಬಾರದ ದಿನಕ್ಕೆ ಕೂಲಿ ಇಲ್ಲ.

ಹೋಗುವ ಮೊದಲು ಅವಳು ನನ್ನ ಮೇಜಿನ ಹತ್ತಿರ ಬಂದು ಒಂದು ಸಣ್ಣ ನೋಟ್‌ಬುಕ್ ಇಟ್ಟಳು. "ಸಾರ್, ಕೆಟ್ಟೋಗಿರೋದೆಲ್ಲ ಬೆಳಿಗ್ಗೆ ಎಂಟರ ಒಳಗೇನೇ. ಹತ್ತು ಗಂಟೆ ಮೇಲೆ ನನ್ ಕೈಯಲ್ಲೂ ಒಂದೂ ಕೆಟ್ಟಿಲ್ಲ. ಟೈಮು ಬರ್ದಿಟ್ಟಿದೀನಿ, ನೋಡಿ." ನಾನು ಆಮೇಲೆ ನೋಡುತ್ತೇನೆ ಅಂದೆ.

ಎರಡು ದಿನ ನೋಡಲಿಲ್ಲ. ಮೂರನೆಯ ದಿನ ಸುಬಹಿಗೆ ಎದ್ದು ವುಳೂಗೆ ನಳ್ಳಿ ತಿರುಗಿಸಿದಾಗ ನೀರು ಕೈ ಕೊರೆಯಿತು. ಹನ್ನೆರಡೋ ಹದಿಮೂರೋ ಡಿಗ್ರಿ ಇದ್ದಿರಬೇಕು. ಆ ಹೊತ್ತಿಗೆ ನೋಟ್‌ಬುಕ್ ನೆನಪಾಯಿತು. ಎಂಟರ ಒಳಗೆ ಅಂದರೆ ಬಿಸಿಲು ಏರುವ ಮೊದಲು.

ಆ ದಿನ ಸಂಜೆ ಪಾಸ್ ಆಗಿದ್ದ ಎರಡು ಹಲಗೆಗಳನ್ನು ಮನೆಗೆ ತಂದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರಿಜ್ಜಿನಲ್ಲಿ ಮೀನಿನ ಪಾತ್ರೆಯ ಪಕ್ಕ ಇಟ್ಟೆ. ಮನೆಯವಳು "ಇದನ್ನೂ ಸಾರು ಮಾಡಬೇಕಾ?" ಎಂದು ಕೇಳಿದಳು. ಮರುದಿನ ಅವನ್ನು ಐಸ್ ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ ಮಟಮಟ ಮಧ್ಯಾಹ್ನ ತಾರಸಿಯಲ್ಲಿ ಹಚ್ಚಿದೆ. ಎರಡೂ ಫೇಲ್. ಬಿಸಿಲಲ್ಲಿ ಅರ್ಧ ಗಂಟೆ ಇಟ್ಟೆ. ಎರಡೂ ಪಾಸ್. ಅವಳ ಬೆಸುಗೆಯಲ್ಲಿ ಏನೂ ತಪ್ಪಿರಲಿಲ್ಲ. ಚಳಿಗೆ ನನ್ನ ಬಾಗಿಲು ಸುಮಾರು ಅರ್ಧ ಮೆಗಾಹರ್ಟ್ಜ್ ಮೇಲೆ ಸರಿದು, ಟವರಿನ ಕೂಗನ್ನು ಒಳಗೆ ಬಿಡುತ್ತಿತ್ತು.

ಅಲ್ಲೇ ತಾರಸಿಯ ಮೆಟ್ಟಿಲಲ್ಲಿ ಬಹಳ ಹೊತ್ತು ಕುಳಿತೆ. ಇದನ್ನು ಹೇಳದೆ ಸರಿಮಾಡುವ ದಾರಿಯೂ ಇತ್ತು. ಪರೀಕ್ಷೆಯನ್ನು ಹತ್ತು ಗಂಟೆಯ ಮೇಲೆ ಇಟ್ಟರೆ ಸಾಕು, ಎಲ್ಲ ಪಾಸ್ ಆಗುತ್ತಿತ್ತು. ಫಿಲ್ಟರನ್ನು ಮುಂದಿನ ಸಲ ಸದ್ದಿಲ್ಲದೆ ಬದಲಾಯಿಸಬಹುದಿತ್ತು. ನಾನು ಮನೆ ಸಾಲದಲ್ಲಿದ್ದೆ, ಆ ವರ್ಷ ನನ್ನ ಬಡ್ತಿಯ ಮಾತು ನಡೆಯುತ್ತಿತ್ತು. ಉಪ್ಪನಿಗೆ ಫೋನ್ ಮಾಡಿದೆ. ಈಗ ಅವರಿಗೆ ಕಿವಿ ಸ್ವಲ್ಪ ಮಂದ, ಎರಡೆರಡು ಸಲ ಹೇಳಬೇಕು. ಫಿಲ್ಟರಿನ ಕಥೆ ಅವರಿಗೆ ಕೂಡಲೇ ಅರ್ಥವಾಯಿತು. ಎಲ್ಲ ಕೇಳಿ ಒಂದೇ ಮಾತು ಕೇಳಿದರು: "ಆ ಹುಡುಗಿಯ ದುಡ್ಡು ಕೊಟ್ಟಿರಾ?"

ಮ್ಯಾನೇಜರಿನ ಕೋಣೆಗೆ ಹೋಗಿ ನೋಟ್‌ಬುಕ್ ಮುಂದಿಟ್ಟು, ಬರೆದುಕೊಟ್ಟ ಕಾಗದ ತಪ್ಪು, ಫಿಲ್ಟರ್ ಆರಿಸಿದ್ದು ನಾನು ಎಂದು ಹೇಳಿದೆ. ಬೈಗಳು ಸಿಕ್ಕಿತು. ಬಡ್ತಿ ಆ ವರ್ಷ ಆಗಲಿಲ್ಲ. ಗ್ರಾಹಕರಿಗೆ ಹೋಗಿದ್ದ ಹಲಗೆಗಳನ್ನು ವಾಪಸ್ಸು ತರಿಸಿದ ಖರ್ಚು ದೊಡ್ಡದಿತ್ತು. ಹುಡುಗಿಯನ್ನು ಮರುದಿನವೇ ಕರೆಸಿ ವಾರದ ಕೂಲಿಯನ್ನೂ ಕೊಟ್ಟರು. ನಾನು ಕ್ಷಮೆ ಕೇಳಿದಾಗ ಅವಳು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. "ನೋಟ್‌ಬುಕ್ ಅವತ್ತೇ ನೋಡಿದ್ರೆ ಆಗ್ತಿತ್ತಲ್ಲ ಸಾರ್" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಫಿಲ್ಟರನ್ನು ಸರಿಮಾಡಿದ್ದು ಎರಡು ಹೆಜ್ಜೆಯಲ್ಲಿ. ಮೊದಲನೆಯದಾಗಿ ನನ್ನ ಹಟ ಬಿಟ್ಟೆ. ನಮಗೆ ನಿಜವಾಗಿ ಬೇಕಾದದ್ದು 866.05ರವರೆಗೆ ಮಾತ್ರ ಎಂದು ಒಪ್ಪಿಕೊಂಡೆ. ಅಷ್ಟರಿಂದಲೇ 869ರವರೆಗಿನ ಜಾಗ 2ರಿಂದ 2.95 ಮೆಗಾಹರ್ಟ್ಜ್‌ಗೆ ಏರಿತು. ಓಡಾಟದ 1.9 ಕಳೆದರೆ 1.05 ಉಳಿಯಿತು. ಎರಡನೆಯದಾಗಿ, ಹರಳಿನ ಮೇಲೆ ಸಿಲಿಕಾದ ತೆಳು ಪದರ ಹಾಕಿದ ಫಿಲ್ಟರಿಗೆ ಹೋದೆವು. ಬಿಸಿಯಾದಾಗ ಹರಳು ಮೆತ್ತಗಾದರೆ ಸಿಲಿಕಾ ಗಟ್ಟಿಯಾಗುತ್ತದೆ, ಒಂದು ಇನ್ನೊಂದನ್ನು ಹಿಡಿದು ನಿಲ್ಲಿಸುತ್ತದೆ. ಓಡಾಟ ಅರ್ಧಕ್ಕೆ ಇಳಿಯಿತು. ಈಗ ಇಳಿಯಲು ಎರಡು ಮೆಗಾಹರ್ಟ್ಜ್ ಜಾಗ ಸಿಕ್ಕಿತು. ಕ್ರಯ ಸ್ವಲ್ಪ ಹೆಚ್ಚು, ಬಾಗಿಲು ಮೊದಲಿಗಿಂತ ಕಿರಿದು, ಆದರೆ ಮೂರು ಚಾನೆಲ್‌ಗಳೂ ಚಳಿಯಲ್ಲೂ ಬಿಸಿಯಲ್ಲೂ ಒಳಗೇ ಇವೆ, ಟವರ್ ಹೊರಗೇ ಇದೆ.

2021ರಲ್ಲಿ ಸರಕಾರ ನಮ್ಮಂಥವರ ಜಾಗವನ್ನು 868ರವರೆಗೆ ವಿಸ್ತರಿಸಿತು. ಒಳ್ಳೆಯದೇ. ಆದರೆ ಅಲ್ಲಿಂದ ಟವರಿಗೆ ಒಂದೇ ಮೆಗಾಹರ್ಟ್ಜ್. ಈಗ ಹೊಸದಾಗಿ ಸೇರಿದ ಹುಡುಗರು "ಪೂರ್ತಿ ತೆಗೆದುಕೊಳ್ಳೋಣ ಸರ್" ಅಂದರೆ, ನಿಮಗೆ ಬೇಕಾದ್ದೆಷ್ಟು ಅಂತ ಮೊದಲು ಬರೆದು ತನ್ನಿ ಅನ್ನುತ್ತೇನೆ.

ನಮ್ಮ ಮನೆಗಳಿಂದ ಈಗ ತುಂಬ ಮಕ್ಕಳು ಇಂಜಿನಿಯರಿಂಗ್‌ಗೆ ಹೋಗುತ್ತಿದ್ದಾರೆ. ಅವರಿಗೆ ಹೇಳಲಿಕ್ಕಿರುವುದು ಇಷ್ಟೇ: ಲೆಕ್ಕ ಕಾಲೇಜಿನಲ್ಲಿ ಸಿಗುತ್ತದೆ. ಆದರೆ ಯಾವ ಗಂಟೆಗೆ ಕೆಟ್ಟಿತು ಎಂದು ಬರೆದಿಟ್ಟವರು ಬೆಂಚಿನ ಆಚೆ ಕುಳಿತಿರುತ್ತಾರೆ. ಅವರ ಮಾತನ್ನು ಸೋಸಿ ಹೊರಗೆ ಹಾಕಬೇಡಿ.

ಆ ಹುಡುಗಿ ಈಗ ನಮ್ಮ ಪರೀಕ್ಷೆ ವಿಭಾಗ ನೋಡಿಕೊಳ್ಳುತ್ತಾಳೆ. ತಾರಸಿ ಪರೀಕ್ಷೆ ಈಗಲೂ ಬೆಳಿಗ್ಗೆ ಆರಕ್ಕೇ, ಅದು ಅವಳ ಹಟ. ಫ್ರಿಜ್ಜು ಮಾತ್ರ ಕಂಪೆನಿಗೇ ಒಂದು ತರಿಸಿದ್ದೇವೆ.